ಹಸಿರು ದೀಪ ಬೇಗ ಬಂದ ಮಳೆಗಾಲ

ಕಳೆದ ವಾರ ಭದ್ರಾವತಿಯಲ್ಲಿ ಒಂದು ಗೃಹಪ್ರವೇಶದ ಊಟ ಮುಗಿಸಿಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಿದ್ದೆ. ಮಾಚೇನಹಳ್ಳಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಸುಟ್ಟ ಮರಳಿನ ವಾಸನೆ ಒಳಗೆ ಬಂತು. ಅಲ್ಲಿನ ಫೌಂಡ್ರಿಗಳಲ್ಲಿ ಎರಕ ಹೊಯ್ದ ಮೇಲೆ ಅಚ್ಚಿನ ಮರಳನ್ನು ಒಡೆದು ಹೊರಗೆ ಸುರಿಯುತ್ತಾರೆ. ಅದರ ಮೇಲೆ ಮಳೆ ಬಿದ್ದರೆ ಈ ವಾಸನೆ ಏಳುತ್ತದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರೆ ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಇವಳಿಗೆ ಎಲ್ಲೋ ಏನೋ ಸರಿಯಿಲ್ಲ ಎಂಬಂತೆ ಆಕೆ ನನ್ನನ್ನು ನೋಡಿದರು. ಅವರ ತಪ್ಪೇನಿಲ್ಲ. ಒಂದು ಇಡೀ ಮಳೆಗಾಲ ನಾನು ಆ ವಾಸನೆಯಲ್ಲೇ ಕೂತು, ಐದು ಡಬ್ಬಿಗಳು ಒಂದಕ್ಕೊಂದು ಮಾತಾಡಲಿ ಎಂದು ಕಾದವಳು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

ಅದು ನನ್ನ ಪಿಎಚ್.ಡಿ.ಯ ಕೊನೆಯ ಮಳೆಗಾಲ. ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾ, ರವೀಂದ್ರನಗರದ ಮನೆಯಲ್ಲಿ ಒಗ್ಗರಣೆ ಹಾಕುತ್ತಾ, ನಡುವೆ ಸಿಕ್ಕ ಹೊತ್ತಿನಲ್ಲಿ ಸಂಶೋಧನೆ ಮಾಡುತ್ತಾ ವರ್ಷಗಳು ಜಾರಿಹೋಗಿದ್ದವು. ವಿಶ್ವವಿದ್ಯಾಲಯ ಕೊಟ್ಟ ಹೆಚ್ಚುವರಿ ಗಡುವೂ ಶ್ರಾವಣದ ಕೊನೆಗೆ ಮುಗಿಯುವುದಿತ್ತು. ಅಷ್ಟರಲ್ಲಿ ಹೊರಗಿನ ಪರೀಕ್ಷಕರ ಮುಂದೆ ಕೆಲಸ ಮಾಡಿ ತೋರಿಸದಿದ್ದರೆ ನೋಂದಣಿ ರದ್ದು. ಡಾಕ್ಟರೇಟ್ ಇಲ್ಲದವರನ್ನು ಮುಂದಿನ ವರ್ಷದಿಂದ ಇಟ್ಟುಕೊಳ್ಳುವುದಿಲ್ಲ ಎಂದು ಕಾಲೇಜಿನವರು ಕಾಫಿ ಕೊಟ್ಟು, ನಗುನಗುತ್ತಲೇ ಹೇಳಿದ್ದರು. ಹಾಗಾಗಿ ಆ ಮಳೆಗಾಲ ಕೈಜಾರಿದರೆ ಪದವಿಯೂ ಇಲ್ಲ, ಕೆಲಸವೂ ಇಲ್ಲ.

ನನ್ನ ವಿಷಯವನ್ನು ಯಾರಿಗಾದರೂ ವಿವರಿಸುವುದೇ ಒಂದು ಸಾಹಸ. ಓಡಾಡುತ್ತಲೇ ಇರುವ ವಾಹನಗಳ ಗುಂಪಿಗೆ ವೈರ್‌ಲೆಸ್ಸಿನಲ್ಲಿ ಒಂದು ಮಾತು ಹೇಳಿದರೆ, ಅದು ಗುಂಪಿನ ಪ್ರತಿಯೊಬ್ಬರಿಗೂ ತಲುಪಿತು ಎಂದು ಖಾತ್ರಿಯಾಗಿ ತಿಳಿಯುವುದು ಹೇಗೆ? ಇಷ್ಟೇ ಪ್ರಶ್ನೆ. ನಮ್ಮ ಅತ್ತಿಗೆ ಇದನ್ನು ಕೇಳಿ, "ಅದಕ್ಕೇ ಅಲ್ವೇನೇ ಮಾರಾಯ್ತಿ ವಾಟ್ಸಾಪ್ ಗ್ರೂಪ್ ಇರೋದು?" ಅಂದಿದ್ದರು. ಅದೇ ಅತ್ತಿಗೆ ಸತ್ಯನಾರಾಯಣ ಪೂಜೆ ಒಂದು ದಿನ ಮುಂದೆ ಹೋಯಿತೆಂದು ಗ್ರೂಪಿನಲ್ಲಿ ಹಾಕಿದ್ದು ಶುಭೋದಯದ ಗುಲಾಬಿ ಹೂಗಳ ನಡುವೆ ಕಳೆದುಹೋಗಿ, ಅರ್ಧ ನೆಂಟರು ಹಿಂದಿನ ದಿನವೇ ಬಾಗಿಲು ತಟ್ಟಿದ್ದರು. ಹಾಕಿದ್ದೇ ಬೇರೆ, ತಲುಪಿದ್ದೇ ಬೇರೆ. ತಲುಪಿದೆ ಎಂದು ಹೇಳಿದವನಿಗೆ ಗೊತ್ತಾಗುವುದು ಇನ್ನೂ ಬೇರೆ.

ನನಗೆ ಓಡಾಡುವ ಒಂದು ಗುಂಪು ಬೇಕಿತ್ತು. ಸಿಕ್ಕಿದ್ದು ಭದ್ರಾವತಿಯಿಂದ ಮಾಚೇನಹಳ್ಳಿಯ ಒಂದು ಗಾರ್ಮೆಂಟ್ಸಿಗೆ ಹೆಣ್ಣುಮಕ್ಕಳನ್ನು ಕರೆತರುವ ಐದು ವ್ಯಾನುಗಳು. ಅಲ್ಲಿ ಮಳೆಗಾಲದಲ್ಲಿ ಒಂದು ನಿಜವಾದ ತೊಂದರೆ ಇತ್ತು. ಡ್ಯಾಮಿನಿಂದ ನೀರು ಬಿಟ್ಟರೆ ಭದ್ರಾವತಿಯ ಹೊಸ ಸೇತುವೆ ಮುಳುಗುತ್ತದೆ, ಹಳೆಯದು ನಿಲ್ಲುತ್ತದೆ. (ಊರವರು ಇದನ್ನು ಹೊಸ ಇಂಜಿನಿಯರುಗಳನ್ನು ಕಂಡಾಗಲೆಲ್ಲ ಹೇಳುತ್ತಾರೆ. ನನಗೂ ಹೇಳಿದರು.) ಮಾಮೂಲಿ ದಿನ ಪ್ರತಿ ವ್ಯಾನೂ ಹೊಳೆಯ ಎರಡೂ ದಂಡೆಗಳಲ್ಲಿ ಸುತ್ತಿ ತನ್ನ ತನ್ನ ಹೆಂಗಸರನ್ನು ಹತ್ತಿಸಿಕೊಳ್ಳುತ್ತಿತ್ತು. ಸೇತುವೆ ಮುಳುಗಿದ ದಿನ ಊರಿನ ಗಾಡಿಗಳೆಲ್ಲ ಹಳೆ ಸೇತುವೆಯಲ್ಲೇ ಸಾಲುಗಟ್ಟುವುದರಿಂದ ಹಾಗೆ ಸುತ್ತಲಾಗದು. ಆಗ ದಂಡೆ ಹಂಚಿಕೊಳ್ಳಬೇಕು, ಅಂದರೆ ಈಚೆ ಇದ್ದ ವ್ಯಾನು ಈಚೆಯ ಎಲ್ಲರನ್ನೂ, ಆಚೆ ಇದ್ದದ್ದು ಆಚೆಯ ಎಲ್ಲರನ್ನೂ ತರಬೇಕು. ಐವರೂ ಒಟ್ಟಿಗೆ ಬದಲಾದರೆ ಮಾತ್ರ ಇದು ನಡೆಯುತ್ತದೆ. ಒಬ್ಬ ಹಳೆಯ ಲೆಕ್ಕದಲ್ಲೇ ಹೋದರೆ ಒಂದು ದಂಡೆಯ ಹೆಂಗಸರು ದಾರಿಯಲ್ಲೇ ನಿಲ್ಲುತ್ತಾರೆ. ಫೋನು ಮಾಡಬಹುದಲ್ಲ ಎಂದರೆ, ಗಾಡಿ ಓಡಿಸುವಾಗ ಫೋನು ಎತ್ತಬಾರದು. ಜೋರು ಮಳೆಗೆ ಕರೆಂಟು ಹೋದರೆ ಟವರೂ ಸುಸ್ತಾಗುತ್ತದೆ.

ಅದಕ್ಕೇ ನನ್ನ ಡಬ್ಬಿ. ಸವಳಂಗ ರಸ್ತೆಯ ಒಂದು ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿಸಿ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಮಾಡಿಸಿದ್ದೆ. ಒಳಗೆ ಒಂದು ರೇಡಿಯೊ, ಹೊರಗೆ ಒಂದು ಪುಟ್ಟ ಪರದೆ, ಒಂದು ಗುಂಡಿ, ಒಂದು ದೀಪ. ವ್ಯಾನಿಗೊಂದು, ಫ್ಯಾಕ್ಟರಿ ಗೇಟಿಗೊಂದು, ನಡುದಾರಿಯ ಎರಡು ಎತ್ತರದ ಕಟ್ಟಡಗಳ ಮೇಲೆ ಒಂದೊಂದು. ಟವರಿನ ಹಂಗಿಲ್ಲದೆ, ಹತ್ತಿರ ಸಿಕ್ಕ ಡಬ್ಬಿಗೆ ಡಬ್ಬಿ ಸುದ್ದಿ ದಾಟಿಸುತ್ತದೆ. ಸುದ್ದಿ ಬಂದ ಕೂಡಲೆ ಕೆಂಪು ದೀಪ ಹತ್ತುತ್ತದೆ. ಮುಂದಿನ ಸೀಟಿನಲ್ಲಿ ಕೂತವರು ಅದನ್ನು ಓದಿ, ಡ್ರೈವರಿಗೆ ಹೇಳಿ, ಗುಂಡಿ ಒತ್ತಬೇಕು. ಐದೂ ವ್ಯಾನಿನವರು ಒತ್ತಿದ ಮೇಲೆಯೇ ಎಲ್ಲ ಡಬ್ಬಿಗಳಲ್ಲೂ ಹಸಿರು ಬರುತ್ತದೆ. ಹಸಿರು ಬಂದರೆ ಎಲ್ಲರಿಗೂ ಗೊತ್ತಾಗಿದೆ ಎಂದರ್ಥ. ಅಲ್ಲಿಯವರೆಗೆ ಯಾರೂ ದಾರಿ ಬದಲಿಸುವಂತಿಲ್ಲ.

ಡ್ರೈವರುಗಳಲ್ಲಿ ಹಿರಿಯ ಸೆಲ್ವಣ್ಣ. ಭದ್ರಾವತಿಯ ಜನ್ನಾಪುರದವನು, ಅವನ ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ದುಡಿದವರು. ಮಗನಿಗೂ ಆ ಕುಲುಮೆಯ ದನಿಯೇ ಬಂದಿತ್ತು. ಗುಟ್ಟು ಹೇಳಿದರೂ ಮೂರನೇ ಸೀಟಿಗೆ ಕೇಳುತ್ತಿತ್ತು. ಗಫಾರ್ ಸಾಬರು ಮಿತಭಾಷಿ, ವ್ಯಾನಿನ ಗಾಜು ಒರೆಸಿದಷ್ಟು ಸಲ ಮುಖ ಒರೆಸಿಕೊಂಡವರಲ್ಲ. ಮಂಜಣ್ಣನಿಗೆ ಯಂತ್ರ ಎಂದರೆ ಅನುಮಾನ. ಉಳಿದಿಬ್ಬರು ಈ ಮೂವರು ಹೇಳಿದ್ದಕ್ಕೆ ಹೂಂ ಅನ್ನುವವರು. ಸೆಲ್ವಣ್ಣನ ವ್ಯಾನಿನ ಮುಂದಿನ ಸೀಟು ರತ್ನಮ್ಮನಿಗೆ ಕಾಯಂ. ಆಕೆ ಗಾರ್ಮೆಂಟ್ಸಿನಲ್ಲಿ ಒಂದು ಲೈನಿನ ಸೂಪರ್‌ವೈಸರ್. ನೋಡಲು ಸಣ್ಣ ಹೆಂಗಸು. ಮಷೀನುಗಳ ಸದ್ದಿನ ಮೇಲೆ ಕೂಗಿ ಕೂಗಿ, ಮಾಮೂಲಿ ಮಾತೂ ಆಜ್ಞೆಯ ಹಾಗೇ ಕೇಳುತ್ತಿತ್ತು.

"ಈ ಡಬ್ಬಿ ಸುಳ್ಳು ಹೇಳಲ್ಲ ತಾನೆ ಮೇಡಂ?" ಎಂದು ಮೊದಲ ದಿನವೇ ಮಂಜಣ್ಣ ಕೇಳಿದ್ದ.

"ಸುಳ್ಳು ಹೇಳೋದು ಮನುಷ್ಯರು ಮಂಜಣ್ಣ, ಡಬ್ಬಿಗೆ ಬರಲ್ಲ," ಎಂದು ನಾನು ದೊಡ್ಡದಾಗಿ ಹೇಳಿದ್ದೆ.

ಆಷಾಢದ ಮೊದಲ ದಿನಗಳು ನರಕ. ದಿನವೂ ಬೆಳಿಗ್ಗೆ ಗೇಟಿನಿಂದ ಒಂದು ಪರೀಕ್ಷಾ ಸುದ್ದಿ ಕಳಿಸುತ್ತಿದ್ದೆವು. ಕೆಂಪು ಬರುತ್ತಿತ್ತು, ಹಸಿರು ಬರುತ್ತಿರಲಿಲ್ಲ. ಐದು ವ್ಯಾನಿನಲ್ಲಿ ಒಂದಾದರೂ ಯಾವುದೋ ತಗ್ಗಿನಲ್ಲೋ, ಯಾವುದೋ ಲಾರಿಯ ಮರೆಯಲ್ಲೋ, ಪೆಟ್ರೋಲ್ ಬಂಕಿನ ತಗಡಿನ ಕೆಳಗೋ ಇರುತ್ತಿತ್ತು. ನಾಲ್ವರು ಒತ್ತಿದರೂ ಐದನೆಯವನ ಉತ್ತರ ಬರುವಷ್ಟರಲ್ಲಿ ಮೊದಲನೆಯವನು ಊರು ದಾಟಿ ರೇಡಿಯೊಗೆ ಸಿಗದಷ್ಟು ದೂರ ಹೋಗಿರುತ್ತಿದ್ದ. ನಾನು ಮನೆಗೆ ಹೋಗಿ ಡಬ್ಬಿಯೊಳಗಿನ ಪ್ರೋಗ್ರಾಮಿನ ಲೆಕ್ಕ ತಿದ್ದಿ, ಮರುದಿನ ಹೊಸ ಲೆಕ್ಕ ತುಂಬಿ ತರುತ್ತಿದ್ದೆ. ಮತ್ತೆ ಕೆಂಪು. ಸೆಲ್ವಣ್ಣನ ವ್ಯಾನಿನಲ್ಲಿ ಕೂತು ಆ ಕೆಂಪು ದೀಪವನ್ನೇ ದಿಟ್ಟಿಸುತ್ತಿದ್ದ ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ರತ್ನಮ್ಮ ಏನಾಯ್ತು ಅಂದರು. ಶ್ರಾವಣದ ಗಡುವು, ಕಾಲೇಜಿನವರ ಕಾಫಿ, ಎಲ್ಲ ಹೇಳಿಕೊಂಡೆ. ಅವರು ತಮ್ಮ ಕರವಸ್ತ್ರ ಕೊಟ್ಟರು. ಸೆಲ್ವಣ್ಣ ರಸ್ತೆ ನೋಡುತ್ತಲೇ ಗಾಡಿ ಓಡಿಸಿದ.

ಅದಾದ ಮುಂದಿನ ವಾರ ಹಸಿರು ಬಂತು.

ಒಂದು ಸಲ ಅಲ್ಲ, ದಿನಾ. ಅದೂ ಸುದ್ದಿ ಕಳಿಸಿ ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ. ಆ ವಾರ ನಾನು ತಿದ್ದಿದ್ದ ಲೆಕ್ಕವೇ ಸರಿಯಾಗಿ ಕೂತಿದೆ ಎಂದು ನಂಬಿದೆ. ನಂಬದೆ ಇನ್ನೇನು, ಬಾಯಾರಿದವಳ ಮುಂದೆ ನೀರಿಟ್ಟರೆ ಎಲ್ಲಿಂದ ತಂದಿರಿ ಎಂದು ಕೇಳುತ್ತಾಳೆಯೆ? ಕಾಲೇಜಿನಲ್ಲಿ ಪಾಠ ಇದ್ದುದರಿಂದ ದಿನಾ ಭದ್ರಾವತಿಗೆ ಹೋಗುವುದನ್ನೂ ಬಿಟ್ಟೆ. ಗೇಟಿನ ಡಬ್ಬಿಯೇ ಫಲಿತಾಂಶವನ್ನು ನನ್ನ ಲ್ಯಾಪ್‌ಟಾಪಿಗೆ ಕಳಿಸುತ್ತಿತ್ತು. ನನ್ನ ಗೈಡ್ ಮೂರ್ತಿ ಸರ್ ಅಂಕಿಗಳನ್ನು ನೋಡಿ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, "ಶೈಲಜಾ, ಇದು ಬಹಳ ಚೆನ್ನಾಗಿದೆ. ಸ್ವಲ್ಪ ಜಾಸ್ತಿನೇ ಚೆನ್ನಾಗಿದೆ," ಎಂದರು. ನಾನು ಆ ಎರಡನೇ ವಾಕ್ಯವನ್ನು ಹೊಗಳಿಕೆ ಎಂದುಕೊಂಡು ಮನೆಗೆ ಹೋಗಿ ಪಾಯಸ ಮಾಡಿದೆ.

ಆಷಾಢ ಮುಗಿಯುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಒಂದು ಬೆಳಗಿನ ಜಾವ ಹೊಸ ಸೇತುವೆಯ ಮೇಲೆ ನೀರು ಬಂತು. ಫ್ಯಾಕ್ಟರಿಯಲ್ಲಿ ವ್ಯಾನುಗಳ ಉಸ್ತುವಾರಿ ನೋಡುತ್ತಿದ್ದ ನಾಗರಾಜ್, ಗೇಟಿನ ಡಬ್ಬಿಯಿಂದ ಸುದ್ದಿ ಕಳಿಸಿದರು: ಸೇತುವೆ ಮುಳುಗಿದೆ, ದಂಡೆ ಹಂಚಿಕೊಳ್ಳಿ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಸಿರು. ಬೇರೆ ವರ್ಷಗಳಲ್ಲಿ ಇಂಥ ದಿನ ಅವರು ಒಬ್ಬೊಬ್ಬ ಡ್ರೈವರಿಗೂ ಫೋನು ಹಚ್ಚಿ, ಸಿಗುವವರೆಗೂ ಬೈಯುತ್ತಾ ಕೂರುತ್ತಿದ್ದರಂತೆ. ಆ ದಿನ ಹಸಿರು ನೋಡಿ ನಿಶ್ಚಿಂತೆಯಿಂದ ಫೋನನ್ನು ಜೇಬಿಗಿಟ್ಟರು.

ನನಗೆ ಗೊತ್ತಾಗಿದ್ದು ಮಧ್ಯಾಹ್ನ, ನಾಗರಾಜ್ ಫೋನಿನಲ್ಲಿ ಕೂಗಾಡಿದಾಗ. ಗಫಾರ್ ಸಾಬರಿಗೆ ಸುದ್ದಿಯೇ ಸಿಕ್ಕಿರಲಿಲ್ಲ. ಆಚೆ ದಂಡೆಯಲ್ಲಿ ಇರಬೇಕಾದವರು ಮಾಮೂಲಿನಂತೆ ಈಚೆಗೆ ಬಂದು, ಹಿಂದಿರುಗಲಾಗದೆ ಹಳೆ ಸೇತುವೆಯ ವಾಹನಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡರು. ಆಚೆಯ ಒಂದು ವ್ಯಾನಿನಷ್ಟು ಹೆಣ್ಣುಮಕ್ಕಳು ಮಳೆಯಲ್ಲಿ ನಿಂತೇ ಇದ್ದರು. ಅವರು ಕೆಲಸಕ್ಕೆ ಸೇರುವಾಗ ಊಟದ ಗಂಟೆ ಹೊಡೆದಿತ್ತು. ಎಲ್ಲರಿಗೂ ಅರ್ಧ ದಿನದ ಕೂಲಿ ಹೋಯಿತು.

"ಹಸಿರು ಬಂದಿತ್ತಲ್ರೀ!" ಎಂದೆ.

"ಅದನ್ನೇ ನಾನು ನಿಮ್ಮನ್ನ ಕೇಳ್ತಿರೋದು!" ಎಂದು ಅವರು ಫೋನಿಟ್ಟರು.

ಸಂಜೆ ಮಾಚೇನಹಳ್ಳಿಗೆ ಹೋದೆ. ಕೆಲಸ ಬಿಡುವ ಹೊತ್ತಿಗೆ ಐದೂ ವ್ಯಾನುಗಳು ಗೇಟಿನ ಹೊರಗೆ ಸಾಲಾಗಿ ನಿಂತಿದ್ದವು. ಗಫಾರ್ ಸಾಬರ ವ್ಯಾನು ಹತ್ತಿ ನೋಡಿದರೆ ಡಬ್ಬಿ ಇರಬೇಕಾದ ಜಾಗದಲ್ಲಿ ಗಾಜು ಒರೆಸುವ ಬಟ್ಟೆ ಇತ್ತು. ಮಂಜಣ್ಣನ ವ್ಯಾನಿನಲ್ಲಿ ಗಣಪತಿ ಇದ್ದ, ಡಬ್ಬಿ ಇರಲಿಲ್ಲ. ಉಳಿದೆರಡರಲ್ಲೂ ಇಲ್ಲ. ಸೆಲ್ವಣ್ಣನ ವ್ಯಾನಿನ ಹತ್ತಿರ ಹೋದಾಗ ಅವನು ಬಾಗಿಲಿಗೆ ಅಡ್ಡ ನಿಂತು, "ಒಳಗೆ ಕೆಸರು ಮೇಡಂ," ಅಂದ. ಅವನ ತೋಳಿನ ಕೆಳಗಿಂದ ನುಗ್ಗಿದೆ. ಮುಂದಿನ ಸೀಟಿನ ಕೆಳಗೆ ಟೊಮೇಟೊ ತುಂಬುವ ಒಂದು ಪ್ಲಾಸ್ಟಿಕ್ ಕ್ರೇಟು. ಅದರೊಳಗೆ ನನ್ನ ಐದೂ ಡಬ್ಬಿಗಳು, ಒಂದೇ ಚಾರ್ಜರಿಗೆ ಸಿಕ್ಕಿಸಿಕೊಂಡು, ಮಳೆಹನಿ ತಾಗದಂತೆ ಟವಲು ಹೊದ್ದು, ಅಕ್ಕಪಕ್ಕ ಮಲಗಿಸಿದ ಮಕ್ಕಳ ಹಾಗೆ ಬೆಚ್ಚಗೆ ಕೂತಿದ್ದವು.

ಗೇಣುದೂರದಲ್ಲಿ ಕೂತು ಅವು ಇಷ್ಟು ದಿನ ಒಂದಕ್ಕೊಂದು ಉತ್ತರ ಕೊಟ್ಟಿದ್ದವು. ರತ್ನಮ್ಮ ದಿನಾ ಬೆಳಿಗ್ಗೆ ಐದೂ ಗುಂಡಿಗಳನ್ನು ಟಕಟಕನೆ ಒತ್ತುತ್ತಿದ್ದರು. ಆ ದಿನವೂ, ದಿನದ ಪರೀಕ್ಷಾ ಸುದ್ದಿಯೇ ಎಂದುಕೊಂಡು, ಓದುವ ಮೊದಲೇ ಒತ್ತಿಬಿಟ್ಟರು. ಆಮೇಲೆ ಓದಿದಾಗ, ನಾಗರಾಜ್ ಪ್ರತಿ ವರ್ಷದಂತೆ ಎಲ್ಲರಿಗೂ ಫೋನು ಮಾಡಿರುತ್ತಾರೆ ಎಂದುಕೊಂಡರು. ನಾಗರಾಜ್, ಹಸಿರು ಬಂದಿದೆಯಲ್ಲ, ಡಬ್ಬಿಯೇ ಹೇಳಿದೆ ಎಂದುಕೊಂಡರು. ಬಂಕಿನಲ್ಲಿ ಸಿಕ್ಕ ಮಂಜಣ್ಣನಿಗೆ ಸೆಲ್ವಣ್ಣ ಬಾಯಲ್ಲೇ ಹೇಳಿದ, ಅವನು ಉಳಿದಿಬ್ಬರಿಗೆ ಹೇಳಿದ. ಗಫಾರ್ ಸಾಬರಿಗೆ ಇನ್ಯಾರೋ ಹೇಳಿರುತ್ತಾರೆ ಎಂದು ಎಲ್ಲರೂ ಅಂದುಕೊಂಡರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಯಾರು ಹೇಳಿದ್ರು ನಿಮಗೆ ಹೀಗೆ ಮಾಡಿ ಅಂತ? ಯಾರು ಕೇಳಿದ್ರು?" ಎಂದು ಕಿರುಚಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

ರತ್ನಮ್ಮ, ಆ ಆಜ್ಞೆಯ ದನಿ ಎಲ್ಲೋ ಬಿಟ್ಟು ಬಂದವರ ಹಾಗೆ, "ಕೇಳ್ಲಿಲ್ಲ ಮೇಡಂ. ಆವತ್ತು ಅತ್ರಲ್ಲ," ಅಂದರು.

"ಹಸಿರು ಬಂದ್ರೆ ನಿಮ್ ಕೆಲ್ಸ ಉಳೀತದೆ ಅಂತ ಅಕ್ಕ ಹೇಳಿದ್ರು," ಎಂದು ಸೆಲ್ವಣ್ಣ ಸೇರಿಸಿದ. "ದೂರ ದೂರ ಇದ್ರೆ ಬರ್ತಾ ಇರ್ಲಿಲ್ಲ. ಹತ್ರ ಇಟ್ರೆ ಬರ್ತದೆ ಅಂತ ನಾನೇ ಕಂಡುಹಿಡ್ದೆ. ತಪ್ಪು ನಂದೇ. ಆದ್ರೆ ಮೇಡಂ, ಟವಲು ಮಾತ್ರ ದಿನಾ ಒಣಗಿದ್ದೇ ಹಾಕ್ತಿದ್ದೆ."

ಗಫಾರ್ ಸಾಬರು ಒಂದೇ ಮಾತು ಆಡಿದರು. "ಆಚೆ ನಿಂತಿದ್ದೋರಲ್ಲಿ ನನ್ನ ತಂಗಿ ಮಗಳೂ ಇದ್ಲು. ಮೂರು ಸರ್ತಿ ಕೇಳಿದ್ಲು, ಮಾಮೂ, ನಿಮಗೆ ಯಾರೂ ಹೇಳ್ಲಿಲ್ವಾ ಅಂತ. ನಾನೇನು ಹೇಳ್ಲಿ ಮೇಡಂ?"

ಆ ಮಾತಿಗೆ ನನ್ನ ಸಿಟ್ಟು ಇಳಿಯಿತು. ಸಿಟ್ಟು ಇಳಿದ ಜಾಗಕ್ಕೆ ಭಯ ಬಂತು. ಶ್ರಾವಣ ಬಾಗಿಲಲ್ಲಿ ನಿಂತಿತ್ತು, ನನ್ನ ಕೈಯಲ್ಲಿದ್ದ ಅಂಕಿಗಳೆಲ್ಲ ಒಂದು ಟೊಮೇಟೊ ಕ್ರೇಟಿನ ಅಂಕಿಗಳು.

ಮರುದಿನ ಮೂರ್ತಿ ಸರ್ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರದು ತಲೆಮಾರುಗಳಿಂದ ವೇದಪಾಠ ಹೇಳಿಕೊಂಡು ಬಂದ ಮನೆತನ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು, ಬಹಳ ಹೊತ್ತು ನಕ್ಕರು.

"ನಮ್ಮ ತಂದೆ ಪಾಠ ಹೇಳುವಾಗ ನಾವು ಹತ್ತು ಹುಡುಗರು ಒಟ್ಟಿಗೆ ಹೇಳ್ತಿದ್ವಿ," ಅಂದರು. "ಬಾರದವನು ಸುಮ್ಮನೆ ಬಾಯಾಡಿಸ್ತಿದ್ದ, ಪಕ್ಕದವನು ಅವನ ಪಾಲಿಗೂ ಗಟ್ಟಿಯಾಗಿ ಕೂಗ್ತಿದ್ದ. ಕೇಳೋಕೆ ಎಷ್ಟು ತುಂಬಿದ ಘೋಷ ಗೊತ್ತಾ? ತಂದೆ ಎದ್ದು ಬಂದು ಒಬ್ಬೊಬ್ಬನ ಬಾಯಿ ಹತ್ತಿರವೂ ಕಿವಿ ಇಡೋರು. ಆಗ ಗೊತ್ತಾಗೋದು." ಆಮೇಲೆ ನಗು ನಿಲ್ಲಿಸಿ, "ಗಡುವು ಮುಂದೆ ಹಾಕೋದು ನನ್ನ ಕೈಲಿಲ್ಲ ಶೈಲಜಾ. ಆ ಅಂಕಿಗಳನ್ನ ತೆಗೆದುಹಾಕು. ಎಷ್ಟು ಆಗುತ್ತೋ ಅಷ್ಟು ಮತ್ತೆ ಮಾಡು," ಎಂದರು.

ತೆಗೆದುಹಾಕಿದೆ.

ಮುಂದಿನ ಸೋಮವಾರ ಬೆಳಿಗ್ಗೆ ಡಬ್ಬಿ ಬಿಟ್ಟು, ಬರಿಗೈಯಲ್ಲಿ ಆಚೆ ದಂಡೆಯ ಸ್ಟಾಪಿಗೆ ಹೋಗಿ ನಿಂತೆ. ಅರ್ಧ ದಿನದ ಕೂಲಿ ಕಳೆದುಕೊಂಡವರಿಗೆ ಮುಖ ತೋರಿಸಿ ಒಂದು ಮಾತು ಹೇಳಬೇಕು ಅನ್ನಿಸಿತ್ತು. ಹೇಳಿದೆ. ಅವರು ಬೈದರು, ಬೈದ ಮೇಲೆ ಕೊಡೆಯೊಳಗೆ ಜಾಗ ಕೊಟ್ಟರು. ಅಲ್ಲಿ ನಿಂತು ನೋಡಿದೆ. ವ್ಯಾನು ಬರುವ ಮೊದಲು ಅವರು ಒಬ್ಬರನ್ನೊಬ್ಬರು ಲೆಕ್ಕ ಹಿಡಿಯುತ್ತಿದ್ದರು. ಎಲ್ಲರೂ ಬಂದರಾ ಎಂದು ಯಾರೂ ಕೇಳಲಿಲ್ಲ. "ಸುಧಾ ಎಲ್ಲೇ?" "ನೇತ್ರ ಬಂದಿಲ್ಲ, ಆ ಸಂದಿಯಿಂದ ಬರೋಳು ನೀನಲ್ವಾ, ಕೂಗ್ಬಾರ್ದಾ?" ಎಂದು ಹೆಸರು ಹಿಡಿದು ಕೇಳುತ್ತಿದ್ದರು. ಬಾರದವಳ ಹೆಸರು ಕಿವಿಗೆ ಬಿದ್ದೊಡನೆ ಅವಳ ಬೀದಿಯ ಕಡೆಯವಳು ನಾಲ್ಕು ಹೆಜ್ಜೆ ಹೋಗಿ ಕೂಗಿ ಬರುತ್ತಿದ್ದಳು.

ನನ್ನ ಡಬ್ಬಿಯೊಳಗೆ ಯಾರು ಒತ್ತಿದ್ದಾರೆ, ಯಾರು ಒತ್ತಿಲ್ಲ ಎಂಬುದು ಮೊದಲಿಂದಲೂ ಇತ್ತು. ಅದನ್ನು ನಾನು ಹೊರಗೆ ತೋರಿಸಿರಲಿಲ್ಲ. ಡ್ರೈವರಿಗೆ ಅಷ್ಟೆಲ್ಲ ಯಾಕೆ, ಕೆಂಪು ಹಸಿರು ಸಾಕು ಎಂದುಕೊಂಡಿದ್ದೆ. ಕೆಂಪು ದೀಪ "ಎಲ್ಲರಿಗೂ ತಲುಪಿಲ್ಲ" ಅನ್ನುತ್ತದೆ. ಅದನ್ನು ನೋಡಿ ಮನುಷ್ಯ ಏನು ಮಾಡಬೇಕು? ಕಾಯಬೇಕು, ಅಥವಾ ಸೆಲ್ವಣ್ಣನ ಹಾಗೆ ಕ್ರೇಟು ಹುಡುಕಬೇಕು. "ಮಂಜಣ್ಣನಿಗೆ ತಲುಪಿಲ್ಲ" ಅಂದರೆ ಆ ಕಡೆ ಹೋಗುವವನು ಹೋಗುತ್ತಾನೆ. ಹೋದರೆ ಅವನ ಡಬ್ಬಿಯೂ ಜೊತೆಗೆ ಹೋಗುತ್ತದೆ, ಹತ್ತಿರವಾದಾಗ ತಾನೇ ಸುದ್ದಿ ದಾಟಿಸುತ್ತದೆ. ವ್ಯಾನುಗಳು ಓಡಾಡುವುದೇ ನನ್ನ ಶತ್ರು ಎಂದುಕೊಂಡು ಇಷ್ಟು ವರ್ಷ ಲೆಕ್ಕ ಮಾಡಿದ್ದೆ. ಓಡಾಟವನ್ನೇ ಕೆಲಸಕ್ಕೆ ಹಚ್ಚಬಹುದಿತ್ತು. ಕೊಡೆಯೊಳಗೆ ನಿಂತು ಒಬ್ಬಳೇ ನಕ್ಕೆ. ಹೆಂಗಸರು ಸ್ವಲ್ಪ ಸರಿದು ನಿಂತರು.

ಒಂದು ವಾರ ನಿದ್ದೆಗೆಟ್ಟು ಡಬ್ಬಿಯ ಒಳಗನ್ನು ತಿದ್ದಿದೆ. ಪರದೆಯ ಮೇಲೆ ಈಗ ಬಾಕಿ ಇರುವವರ ಹೆಸರುಗಳು. ಒಬ್ಬೊಬ್ಬರು ಒತ್ತಿದಂತೆ ಒಂದೊಂದೇ ಅಳಿಸಿಹೋಗುತ್ತವೆ. ತೀರಾ ಹತ್ತಿರ ಅಂಟಿಕೊಂಡಿರುವ ಡಬ್ಬಿಗಳ ಉತ್ತರ ನಂಬಬೇಡ ಎಂದು ಪ್ರೋಗ್ರಾಮಿನಲ್ಲಿ ಇನ್ನೊಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಅದರ ಬದಲು ಡಬ್ಬಿಗಳನ್ನು ಅವರವರ ಕೈಗೆ ಕೊಟ್ಟು, "ಇನ್ನು ಮೇಲೆ ಕೆಂಪು ಇದ್ರೆ ಕೆಂಪೇ ಇರ್ಲಿ. ನನ್ನ ಕೆಲಸ ಹೋದ್ರೂ ಪರವಾಗಿಲ್ಲ," ಅಂದೆ. ಪರವಾಗಿಲ್ಲ ಅನ್ನುವುದು ಅಪ್ಪಟ ಸುಳ್ಳಾಗಿತ್ತು, ಆದರೆ ಅವರು ನಂಬಿದರು. ಮಂಜಣ್ಣ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಸುಳ್ಳು ಹೇಳೋದು ಮನುಷ್ಯರು ಅಂದ್ರಿ, ಸರಿಯಾಗೇ ಅಂದ್ರಿ," ಎಂದು ಗಣಪತಿಯ ಪಕ್ಕ ಇಟ್ಟ.

ಹಸಿರು ಮೊದಲಿನಷ್ಟು ಬೇಗ ಬರಲಿಲ್ಲ. ಆದರೆ ಬಂತು. ಕೆಲವು ದಿನ ಬರಲೇ ಇಲ್ಲ, ಅದನ್ನೂ ಬರೆದುಕೊಂಡೆ. ಹೆಸರು ಕಾಣತೊಡಗಿದ ಮೇಲೆ ವ್ಯಾನುಗಳಲ್ಲಿ ಹೊಸ ತಮಾಷೆ ಶುರುವಾಯಿತು. ಹೆಸರು ಬಾಕಿ ಉಳಿಸಿಕೊಂಡ ಡ್ರೈವರನ್ನು ಬೇರೆ ವ್ಯಾನುಗಳ ಹೆಂಗಸರು ಸಂಜೆ ಕಾಡಿಸುತ್ತಿದ್ದರು. "ಏನ್ ಗಫಾರ್ ಸಾಬ್ರೇ, ನಿಮ್ಮ ಹೆಸರು ಇವತ್ತು ಮೈಮೇಲೆ ಬಂದ ಚೌಡಿ ಹಾಗೆ ಪರದೆ ಹಿಡ್ಕೊಂಡಿತ್ತಲ್ಲ, ಬಿಡ್ಲೇ ಇಲ್ಲ!" ಎಂದು ರತ್ನಮ್ಮ ಕೂಗಿದಾಗ ಅವರು ಮುಖ ಕೆಂಪಾಗಿಸಿಕೊಂಡು ಗಾಜು ಒರೆಸುತ್ತಿದ್ದರು. ಹೊಳೆ ತುಂಬಿ ಇನ್ನೊಮ್ಮೆ ಸೇತುವೆ ಮುಳುಗಿದ ದಿನ ಯಾರೂ ಹಿಂದೆ ಉಳಿಯಲಿಲ್ಲ. ಆ ಸಂಜೆ ಗಫಾರ್ ಸಾಬರ ತಂಗಿಯ ಮಗಳು ನನಗೊಂದು ಮೊಳ ಮಲ್ಲಿಗೆ ತಂದುಕೊಟ್ಟಳು.

ಪರೀಕ್ಷಕರು ಬರುವ ದಿನ ಬಂತು. ಶ್ರಾವಣದ ಶುಕ್ರವಾರ, ತುಂತುರು ಮಳೆ. ಬೆಳಿಗ್ಗೆ ಸೆಲ್ವಣ್ಣನ ಫೋನು. "ಮೇಡಂ, ಮಂಜಣ್ಣನ ಗಾಡಿ ಕ್ಲಚ್ ಹೋಗಿದೆ. ಗ್ಯಾರೇಜಲ್ಲಿದೆ. ಆ ಗ್ಯಾರೇಜು ತಗ್ಗಲ್ಲಿ, ಸುತ್ತ ತಗಡು ಶೆಡ್ಡು, ಅಲ್ಲಿಗೆ ಡಬ್ಬಿ ಸುದ್ದಿ ಹೋಗಲ್ಲ." ಆಮೇಲೆ, ಅವನ ಪಾಲಿಗೆ ಪಿಸುಮಾತು ಅನ್ನಬಹುದಾದ ದನಿಯಲ್ಲಿ, "ಅವನ ಡಬ್ಬಿ ತಗೊಂಡು ಬಂದುಬಿಡ್ಲಾ? ಇವತ್ತು ಒಂದು ದಿನ," ಅಂದ.

ನಾನು ಫೋನು ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ತಂದುಬಿಡು ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಒಂದೇ ಒಂದು ದಿನ, ಯಾರಿಗೂ ಗೊತ್ತಾಗುವುದಿಲ್ಲ, ಇಷ್ಟು ವರ್ಷದ ದುಡಿಮೆ.

"ಬೇಡ ಸೆಲ್ವಣ್ಣ," ಅಂದೆ. "ಮಂಜಣ್ಣನ ಡಬ್ಬಿ ಮಂಜಣ್ಣನ ಹತ್ರಾನೇ ಇರ್ಲಿ."

"ಸೆರಿ ಮೇಡಂ," ಅಂದ. ಅವನ ದನಿಯಲ್ಲಿ ಸಮಾಧಾನ ಇತ್ತು.

ಪರೀಕ್ಷಕರು ಬೇರೆ ಊರಿನಿಂದ ಬಂದ ದೊಡ್ಡ ಪ್ರೊಫೆಸರು, ಮಧ್ಯಾಹ್ನದ ರೈಲಿಗೆ ಹಿಂದಿರುಗುವವರು. ಮಾಚೇನಹಳ್ಳಿಯ ಗೇಟಿನ ಹೊರಗೆ ಸೆಲ್ವಣ್ಣನ ವ್ಯಾನಿನಲ್ಲಿ ಅವರು, ಮೂರ್ತಿ ಸರ್, ರಜೆ ಹಾಕಿ ಬಂದಿದ್ದ ರತ್ನಮ್ಮ ಮತ್ತು ನಾನು ಕೂತೆವು. ಉಳಿದ ಮೂರು ವ್ಯಾನುಗಳು ದಾರಿಯಲ್ಲಿದ್ದವು. ನಾಗರಾಜ್ ಸುದ್ದಿ ಕಳಿಸಿದರು. ಕೆಂಪು ದೀಪ. ಪರದೆಯ ಮೇಲೆ ಐದು ಹೆಸರು. ರತ್ನಮ್ಮ ಓದಿ, ಸೆಲ್ವಣ್ಣನಿಗೆ ಹೇಳಿ, ಒಂದೇ ಒಂದು ಗುಂಡಿ ಒತ್ತಿದರು. ಸೆಲ್ವಣ್ಣನ ಹೆಸರು ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆರಡು ಹೋದವು. ಭದ್ರಾವತಿಯ ಕಡೆಯಿಂದ ಗಫಾರ್ ಸಾಬರದೂ ಹೋಯಿತು. ಮಂಜಣ್ಣ ಉಳಿದ.

ಕಾದೆವು. ಮಳೆ ವ್ಯಾನಿನ ತಲೆಯ ಮೇಲೆ ಬೀಳುತ್ತಲೇ ಇತ್ತು. 'ಮಂಜಣ್ಣ' ಎಂಬ ಹೆಸರು ಕದಲಲಿಲ್ಲ. ಪರೀಕ್ಷಕರು ಗಡಿಯಾರ ನೋಡಿಕೊಂಡರು.

"ಐದರಲ್ಲಿ ನಾಲ್ಕು, ಪರವಾಗಿಲ್ಲಮ್ಮ. ಇಷ್ಟಕ್ಕೆ ನಿಲ್ಲಿಸೋಣ," ಎಂದರು ಮೆತ್ತಗೆ.

"ಸರ್, ನಾಲ್ಕು ಅಂತಲೇ ಬರೀರಿ, ನಾನು ಕಾಯ್ತೀನಿ," ಅಂದೆ. "ಇವತ್ತು ತಲುಪದೇ ಇದ್ರೆ ತಲುಪಿಲ್ಲ ಅಂತಲೇ ತೋರಿಸುತ್ತೆ. ಅದು ಸುಳ್ಳು ಹೇಳದ ಹಾಗೆ ಮಾಡೋದಕ್ಕೇ ನನಗೆ ಈ ಮಳೆಗಾಲ ಬೇಕಾಯ್ತು."

"ಇನ್ನೆಷ್ಟು ಹೊತ್ತು ಕಾಯ್ತೀರಿ?"

"ಮಂಜಣ್ಣಂಗೆ ಗೊತ್ತಾಗೋವರೆಗೂ ಸರ್."

ಏಳಲು ಹೊರಟಿದ್ದ ಅವರು ಮತ್ತೆ ಸೀಟಿಗೆ ಒರಗಿ, ಬ್ಯಾಗನ್ನು ಕಾಲ ಬಳಿ ಇಟ್ಟರು. "ರೈಲು ಇನ್ನೊಂದಿದೆ," ಅಂದರು.

ರತ್ನಮ್ಮ ತುಟಿ ಅಲುಗಿಸುತ್ತಾ ಯಾವ ದೇವರಿಗೋ ಹೇಳಿಕೊಳ್ಳುತ್ತಿದ್ದರು. ಎಷ್ಟು ಹೊತ್ತಾಯಿತೋ ತಿಳಿಯದು, ಇದ್ದಕ್ಕಿದ್ದಂತೆ ಪರದೆ ಬರಿದಾಯಿತು. ದೀಪ ಹಸಿರಾಯಿತು.

ನಾನು ಮೊದಲು ಮಾಡಿದ ಕೆಲಸವೆಂದರೆ ಬಗ್ಗಿ ಸೀಟಿನ ಕೆಳಗೆ ನೋಡಿದ್ದು.

"ಇಲ್ಲ ಮೇಡಂ," ಎಂದು ಸೆಲ್ವಣ್ಣ ಎರಡೂ ಕೈ ಎತ್ತಿದ. "ದೇವ್ರಾಣೆಗೂ ಇಲ್ಲ."

ಸೀಟಿನ ಕೆಳಗೆ ಒಂದು ಕೊಡೆ ಮಾತ್ರ ಇತ್ತು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅವಸರದಲ್ಲಿ ಎಲ್ಲೋ ಒತ್ತಿ, ಸ್ಪೀಕರ್ ಆನ್ ಆಗಿ, ಇಡೀ ವ್ಯಾನಿಗೆ ಮಂಜಣ್ಣನ ದನಿ ಕೇಳಿತು. ಹಿಂದೆ ಗ್ಯಾರೇಜಿನ ಸುತ್ತಿಗೆ ಸದ್ದು.

"ಮೇಡಂ, ಗಫಾರ್ ಸಾಬ್ರು ಗಾಡೀನ ಶೆಡ್ ಬಾಗ್ಲಿಗೇ ತಂದು ನಿಲ್ಸಿದ್ರು. ನನ್ ಹೆಸ್ರು ಹೋಗ್ತಿಲ್ಲ ಅಂತ ನೋಡಿ ಬಂದ್ರಂತೆ. ಅವ್ರು ನಿಂತಿದ್ದೇ ತಡ ನನ್ ಡಬ್ಬಿ ಕೆಂಪಾಯ್ತು. ಓದ್ದೆ. ಆಮೇಲೆ ಒತ್ತಿದೀನಿ. ಬಂತಾ?"

"ಬಂತು ಮಂಜಣ್ಣ," ಅಂದೆ. ಅಳು, ನಗು ಎರಡೂ ಒಟ್ಟಿಗೆ ಬಂದಿದ್ದವು.

ಪರೀಕ್ಷಕರು ಜೇಬಿನಿಂದ ಪೆನ್ನು ತೆಗೆದರು.

"ಅವ್ರು ಒತ್ತೋಕೆ ಬಂದ್ರು ಮೇಡಂ, ನಾನು ಬಿಡ್ಲಿಲ್ಲ," ಎಂದು ಫೋನು ಹೇಳುತ್ತಲೇ ಇತ್ತು. "ನಾನೇ ಒತ್ತಿದ್ದು."